ಹಿಪ್ಪುನೇರಳೆಯ ಕುಡಿ ಸುತ್ತುವ ಪತಂಗ: ಮೊದಲು ಗುರುತು, ಆಮೇಲೆ ಔಷಧಿಯ ಮಾತು



ಕಡ್ಡಿ ಕಟಾವು ಮಾಡಿ ಇಪ್ಪತ್ತು, ಇಪ್ಪತ್ತೈದು ದಿನವಾದ ಹಿಪ್ಪುನೇರಳೆ ತೋಟಕ್ಕೆ ಬೆಳಗಿನ ಹೊತ್ತು ಹೋಗಿ ಕುಡಿಗಳನ್ನು ಮಾತ್ರ ನೋಡಿ. ಆರೋಗ್ಯವಾದ ಗಿಡದ ಕುಡಿ ಬಿಚ್ಚಿಕೊಂಡು ನಿಂತಿರುತ್ತದೆ. ಅಲ್ಲೊಂದು ಇಲ್ಲೊಂದು ಗಿಡದಲ್ಲಿ ತುದಿಯ ಎರಡು ಮೂರು ಎಳೆ ಎಲೆಗಳು ಒಂದಕ್ಕೊಂದು ಅಂಟಿಕೊಂಡು, ಬೀಡಿ ಸುತ್ತಿದ ಹಾಗೆ ಕಂಡರೆ ಅದನ್ನು ಮೆಲ್ಲಗೆ ಬಿಡಿಸಿ. ಒಳಗೆ ಬಿಳಿ ನೂಲಿನ ಬಲೆ, ಸಾಸಿವೆಗಿಂತ ಸಣ್ಣ ಕರಿ ಹಿಕ್ಕೆ, ಅದರ ನಡುವೆ ತಿಳಿಹಸಿರು ಬಣ್ಣದ ಒಂದು ಹುಳು ಇರಬಹುದು. ಬೆರಳು ತಾಕಿದೊಡನೆ ಅದು ಮೈ ಹೊರಳಿಸಿ ಹಿಂದಕ್ಕೆ ಜಾರುತ್ತದೆ. ಇಲ್ಲವೆ ನೂಲೊಂದನ್ನು ಬಿಟ್ಟುಕೊಂಡು ಕೆಳಗಿಳಿಯುತ್ತದೆ. ಹೀಗಿದ್ದರೆ ನಿಮ್ಮ ತೋಟಕ್ಕೆ ಎಲೆ ಸುರುಳಿ ಹುಳು ಬಂದಿದೆ.

ಇಷ್ಟು ಕಂಡ ಕೂಡಲೇ ಅಂಗಡಿಗೆ ಹೋಗಿ ಯಾವುದಾದರೂ ಔಷಧಿ ತಂದು ಹೊಡೆಯುವುದು ನಮ್ಮಲ್ಲಿ ರೂಢಿ. ಬೇರೆ ಬೆಳೆಯಲ್ಲಾದರೆ ಅದರಿಂದ ಆಗುವ ನಷ್ಟ ಔಷಧಿಯ ದುಡ್ಡು ಮಾತ್ರ. ಹಿಪ್ಪುನೇರಳೆಯಲ್ಲಿ ಹಾಗಲ್ಲ. ಈ ಸೊಪ್ಪನ್ನು ತಿನ್ನುವುದು ಇನ್ನೊಂದು ಹುಳು, ನಾವು ಮೊಟ್ಟೆಗೆ ದುಡ್ಡು ಕೊಟ್ಟು, ಮನೆಯೊಳಗೆ ಇಟ್ಟು, ಹಗಲು ರಾತ್ರಿ ಮೇವು ಹಾಕಿ ಸಾಕಿದ ಹುಳು. ರೇಷ್ಮೆ ಹುಳುವೂ ಪತಂಗದ ಮರಿಯೇ, ಸುರುಳಿ ಹುಳುವೂ ಪತಂಗದ ಮರಿಯೇ. ಒಂದನ್ನು ಕೊಲ್ಲುವ ವಿಷ ಇನ್ನೊಂದನ್ನು ಬಿಡುವುದಿಲ್ಲ. ನಮ್ಮ ಹುಳು ತೆಗೆದ ನೂಲಿಗೆ ರಾಮನಗರದ ಮಾರುಕಟ್ಟೆಯಲ್ಲಿ ಹರಾಜು ನಡೆಯುತ್ತದೆ, ಇದು ತೆಗೆದ ನೂಲಿಗೆ ಕತ್ತರಿ, ವ್ಯತ್ಯಾಸ ಅಷ್ಟೇ.

ಆದುದರಿಂದ ಈ ವಾರ ಹತೋಟಿಗಿಂತ ಮೊದಲು ಗುರುತಿಸುವ ವಿಚಾರವನ್ನು ತಮ್ಮ ಮುಂದಿಡುತ್ತಿದ್ದೇನೆ.

ಬೈರಾಪಟ್ಟಣದ ಕಡೆಯ ಒಂದು ತೋಟ

ಚನ್ನಪಟ್ಟಣ ತಾಲ್ಲೂಕಿನ ಬೈರಾಪಟ್ಟಣದ ಕಡೆ ಒಬ್ಬ ರೈತರಿಗೆ ಒಂದೂವರೆ ಎಕರೆ ವಿ-1 ತಳಿಯ ತೋಟವಿದೆ. ಮಳೆಗಾಲ ಹಿಂದೆ ಬೀಳುತ್ತಿದ್ದ ದಿನಗಳು. ತೋಟದಲ್ಲಿ ಕುಡಿ ಮುದುರಿದ್ದನ್ನು ಅವರ ಮನೆಯಾಕೆ ಸೊಪ್ಪು ಕೊಯ್ಯುವಾಗ ಕಂಡಿದ್ದರು. ಅದೇ ರಾತ್ರಿ ಹುಳು ಮನೆಯ ಹೊರಗಿನ ದೀಪಕ್ಕೆ ಹೊಳೆಯುವ ಬಿಳಿ ರೆಕ್ಕೆಯ ಪತಂಗಗಳು ಹತ್ತಾರು ಬಂದಿದ್ದವು. ಎರಡನ್ನೂ ಜೋಡಿಸಿಕೊಂಡ ರೈತರು, ತೋಟವೆಲ್ಲ ಪತಂಗಮಯವಾಗಿದೆ, ಇಡೀ ತೋಟಕ್ಕೆ ಔಷಧಿ ಹೊಡೆದುಬಿಡುವುದೇ ಸರಿ ಎಂದು ತೀರ್ಮಾನಿಸಿದ್ದರು. ಮನೆಯೊಳಗೆ ಹುಳು ಎರಡನೇ ಜ್ವರ ಎದ್ದಿತ್ತು.

ಇಲ್ಲಿ ಸ್ವಲ್ಪ ಲೆಕ್ಕ ಹಾಕಿ ನೋಡಿ. ರೇಷ್ಮೆ ಹುಳು ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ಶೇಕಡಾ 80ಕ್ಕೂ ಹೆಚ್ಚು ಭಾಗವನ್ನು ನಾಲ್ಕನೇ ಜ್ವರ ಎದ್ದ ಮೇಲೆ, ಅಂದರೆ ಐದನೇ ಹಂತದಲ್ಲಿ ತಿನ್ನುತ್ತದೆ. ಎರಡನೇ ಜ್ವರ ಎದ್ದ ದಿನ ತೋಟಕ್ಕೆ ವಿಷ ಹೊಡೆದರೆ ಆ ಸೊಪ್ಪನ್ನು ಮುಟ್ಟಲಾಗದೆ ಕೆಲವು ದಿನ ಬಿಡಬೇಕು. ಹುಳು ಮಾತ್ರ ಕಾಯುವುದಿಲ್ಲ. ಬೇರೆಯವರ ತೋಟದಿಂದ ಸೊಪ್ಪು ಕೊಂಡು ತರಬೇಕು, ಅಥವಾ ಧೈರ್ಯ ಮಾಡಿ ವಿಷದ ಸೊಪ್ಪನ್ನೇ ಹಾಕಬೇಕು. ಎರಡನೆಯದನ್ನು ಮಾಡಿದವರ ತಟ್ಟೆಗಳನ್ನು ನಾನು ನೋಡಿದ್ದೇನೆ. ಹುಳು ತಲೆ ಎತ್ತಿ ತೂಗಾಡುತ್ತ, ಬಾಯಿಂದ ಹಸಿರು ರಸ ಕಾರಿ, ಕುಗ್ಗಿ ಸಾಯುತ್ತವೆ. ಒಂದು ಬೆಳೆಯ ಸಾಲ ಹಾಗೇ ಉಳಿಯುತ್ತದೆ.

ಆ ರೈತರು ಔಷಧಿ ತರುವ ಮುಂಚೆ ವಾಚನಾಲಯದ ಮುಂದೆ ಸಿಕ್ಕಿ, "ಸಾರ್, ಹೊಡೀಲಾ ಬೇಡ್ವಾ?" ಎಂದು ಕೇಳಿದರು. ಬೇಡ, ನಾಳೆ ಸಂಜೆಯವರೆಗೆ ತಡೆಯಿರಿ, ನಾಲ್ಕು ಕುಡಿ ಕಿತ್ತು ತನ್ನಿ, ದೀಪಕ್ಕೆ ಬಂದ ಪತಂಗವನ್ನೂ ಎರಡು ಹಿಡಿದು ತನ್ನಿ ಎಂದೆ.

ನಮ್ಮ ಕಡೆ ಪತಂಗದ ಹುಚ್ಚು ಹಿಡಿದ ಕೆಲವರಿದ್ದಾರೆ. ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ಒಬ್ಬರು; ನಿವೃತ್ತರಾದ ರೇಷ್ಮೆ ಪ್ರದರ್ಶಕರು ಒಬ್ಬರು; ಡಿಗ್ರಿ ಓದುವ ಹುಡುಗನೊಬ್ಬ, ಇವನು ಮನೆಯ ಹಿಂದೆ ಹಳೆಯ ಬಿಳಿ ಪಂಚೆ ಕಟ್ಟಿ ಅದರ ಮುಂದೆ ದೀಪ ಉರಿಸಿ ರಾತ್ರಿ ಬಂದ ಪತಂಗಗಳ ಪಟ ತೆಗೆಯುತ್ತಾನೆ; ಇನ್ನೊಬ್ಬರು ಚನ್ನಪಟ್ಟಣದ ಬೊಂಬೆ ಕೆಲಸದವರು. ಈ ಕೊನೆಯವರಿಗೆ ಪುಸ್ತಕದ ಹೆಸರು ಒಂದೂ ಬಾರದು. ಆದರೆ ಅರಗಿನ ಬಣ್ಣದಲ್ಲಿ ಪಳಗಿದ ಕಣ್ಣು. ನಮಗೆಲ್ಲ "ಕಂದು" ಎಂದು ಕಾಣುವುದರಲ್ಲಿ ಅವರು ನಾಲ್ಕು ಬಗೆ ಹೇಳುತ್ತಾರೆ. ದೇಶ ವಿದೇಶಗಳಲ್ಲೂ ಇಂಥವರಿದ್ದಾರೆ. 2012ರಿಂದ ಪ್ರತಿವರ್ಷ ಜುಲೈ ಕೊನೆಯಲ್ಲಿ ಒಂದು ವಾರ "ಪತಂಗ ಸಪ್ತಾಹ" ಎಂದು ಅನೇಕ ದೇಶಗಳ ಹವ್ಯಾಸಿಗಳು ದೀಪ ಹಚ್ಚಿ ಪತಂಗ ಎಣಿಸುತ್ತಾರೆ. ನಮ್ಮ ಹುಡುಗನಿಗೂ ಆ ಹುಚ್ಚು ಅಲ್ಲಿಂದಲೇ ಅಂಟಿದ್ದು.

ಮರುದಿನ ಸಂಜೆ ಮೇಜಿನ ಮೇಲೆ ನಾಲ್ಕು ಕುಡಿ, ಒಂದು ಬೆಂಕಿಪೊಟ್ಟಣದಲ್ಲಿ ಎರಡು ಪತಂಗ. ಪಟ ತೆಗೆದು ದೂರದ ಆಸಕ್ತರಿಗೂ ಕಳುಹಿಸಿದೆವು. ಅವರಿಂದ ಬಂದ ಮೊದಲ ಉತ್ತರ ಹೆಸರಾಗಿರಲಿಲ್ಲ, ಪ್ರಶ್ನೆಯಾಗಿತ್ತು: "ಇದು ಯಾವ ಗಿಡದ ಮೇಲೆ ಸಿಕ್ಕಿತು?"

ಮೂರು ವಸ್ತು, ಒಂದೇ ಹೆಸರು

ಆ ಪ್ರಶ್ನೆಗೆ ಉತ್ತರ ಹುಡುಕಿದಾಗ ತಿಳಿದದ್ದು, ರೈತರು ಒಂದು ಎಂದುಕೊಂಡದ್ದು ನಿಜವಾಗಿ ಮೂರು ಬೇರೆ ಬೇರೆ ಸಂಗತಿಗಳು ಎಂದು.

ಮೊದಲು ಬೆಂಕಿಪೊಟ್ಟಣದ ಪತಂಗ. ಅದರ ರೆಕ್ಕೆ ಮುತ್ತಿನ ಚಿಪ್ಪಿನಂತೆ ಬಿಳುಪು, ಬೆಳಕು ಹಾಯುವಷ್ಟು ತೆಳು; ಅಂಚಿನ ಸುತ್ತ ಅಗಲವಾದ ಕಡು ಕಂದು ಪಟ್ಟಿ. ಹೊಟ್ಟೆಯ ತುದಿಯಲ್ಲಿ ಕಿತ್ತಳೆ ಕಂದು ಕೂದಲಿನ ಒಂದು ಕುಚ್ಚು. ಜೀವಂತ ಪತಂಗವಾದರೆ ಕೂತಲ್ಲೇ ಆ ಕುಚ್ಚನ್ನು ಅರಳಿಸಿ ಆಡಿಸುತ್ತಿರುತ್ತದೆ. ಇದು ಸೌತೆ, ಹೀರೆ, ಹಾಗಲ, ಕುಂಬಳದ ಎಲೆ ಸುತ್ತುವ ಪತಂಗ, ವಿಜ್ಞಾನದಲ್ಲಿ ಡಯಾಫೇನಿಯಾ ಇಂಡಿಕಾ. ಇದರ ಮರಿಹುಳು ಹಸಿರು, ಬೆನ್ನ ಮೇಲೆ ಉದ್ದಕ್ಕೆ ಎರಡು ಬಿಳಿ ಗೆರೆ. ಹಿಪ್ಪುನೇರಳೆಯನ್ನು ಇದು ಮೂಸಿಯೂ ನೋಡುವುದಿಲ್ಲ. ಹಾಗಾದರೆ ಹತ್ತಾರು ಎಲ್ಲಿಂದ ಬಂದವು? ಹುಳು ಮನೆಯ ಹಿಂದೆಯೇ ನೆರೆಯವರ ಹೀರೆಕಾಯಿ ಚಪ್ಪರವಿತ್ತು.

ಎರಡನೆಯದು ಕುಡಿ. ನಾಲ್ಕರಲ್ಲಿ ಎರಡು ಕುಡಿಗಳಲ್ಲಿ ನೂಲೂ ಇಲ್ಲ, ಹಿಕ್ಕೆಯೂ ಇಲ್ಲ, ತೂತೂ ಇಲ್ಲ. ಎಲೆ ದಪ್ಪವಾಗಿ, ಕಡು ಹಸಿರಾಗಿ, ಸುಕ್ಕುಗಟ್ಟಿ, ಗೆಣ್ಣುಗಳ ಅಂತರ ಕಡಿಮೆಯಾಗಿ ಗೊಂಚಲಾಗಿತ್ತು. ಸುಕ್ಕಿನ ಸಂದಿಯಲ್ಲಿ ಬಿಳಿ ಹಿಟ್ಟು. ಇದು ತಮಗೆ ಚೆನ್ನಾಗಿ ಗೊತ್ತಿರುವ ಟುಕ್ರಾ. ಗುಲಾಬಿ ಬಣ್ಣದ ಹಿಟ್ಟು ತಿಗಣೆಯ ಕೆಲಸ. ಇದಕ್ಕೂ ಪತಂಗಕ್ಕೂ ಸಂಬಂಧವಿಲ್ಲ. ಬೇಸಿಗೆಯಲ್ಲಾದರೆ ಥ್ರಿಪ್ಸ್ ನುಸಿಯಿಂದಲೂ ಎಲೆ ಮುದುರುತ್ತದೆ, ಆದರೆ ಅಲ್ಲಿ ಎಲೆಯ ಮೇಲೆ ಬಿಳಿಚಿದ ಗೀರುಗಳು ಕಾಣುತ್ತವೆ.

ಉಳಿದ ಎರಡು ಕುಡಿಗಳಲ್ಲಿ ಮಾತ್ರ ನೂಲಿನ ಬಲೆಯೂ ಹಸಿರು ಹುಳುವೂ ಇದ್ದವು. ಬೆನ್ನಿನ ಮೇಲೆ ಸೌತೆ ಹುಳುವಿನ ಬಿಳಿ ಗೆರೆಗಳಿಲ್ಲ. ದೊಡ್ಡದಾದ ಹುಳುವಿನ ಮೈಮೇಲೆ ಸಣ್ಣ ಕರಿ ಚುಕ್ಕಿಗಳಿದ್ದವು. ನಿವೃತ್ತ ಪ್ರದರ್ಶಕರು ಕನ್ನಡಕ ಹಣೆಗೇರಿಸಿ ನೋಡಿ, ಇದು ನಮ್ಮದೇ ಹುಳು ಎಂದರು. "ನಮ್ಮದೇ" ಎಂದರೆ ಹಿಪ್ಪುನೇರಳೆಯದು ಎಂದು ಅರ್ಥ. ಮೂವತ್ತು ವರ್ಷ ತೋಟ ಸುತ್ತಿದವರಿಗೆ ಪುಸ್ತಕ ಬೇಕಾಗುವುದಿಲ್ಲ. ಆದರೂ ಮೇಷ್ಟ್ರು ಒಪ್ಪಲಿಲ್ಲ. ಮರಿ ನೋಡಿ ಹೇಳಿದ್ದು ಅಂದಾಜು, ಪತಂಗ ಹೊರಬಂದ ಮೇಲೆ ನೋಡೋಣ ಎಂದು ಎರಡು ಹುಳುಗಳನ್ನು ಬಾಟಲಿಗೆ ಹಾಕಿಕೊಂಡು ಹೋದರು. ಅವರ ಹಠ ನನಗೆ ಸರಿಯೆಂದೇ ತೋರಿತು.

ರೈತರು ಅಷ್ಟು ದಿನ ಕಾಯಬೇಕಿರಲಿಲ್ಲ. ಹುಳು ಯಾವುದೇ ಇರಲಿ, ಅದು ಎಷ್ಟು ಕುಡಿಯಲ್ಲಿದೆ ಎಂದು ನೋಡಬೇಕಾಗಿತ್ತು. ಬೆಳಿಗ್ಗೆ ಸಾಲು ಸಾಲಾಗಿ ನಡೆದು ಎಣಿಸಿದೆವು. ತೆಂಗಿನ ನೆರಳು ಬೀಳುವ, ನೀರು ನಿಲ್ಲುವ ಮೂಲೆಯಲ್ಲಿ ಸುರುಳಿ ಹೆಚ್ಚು. ಬಿಸಿಲಿನ ಕಡೆ ಬಹಳ ವಿರಳ. ಮನೆಯವರೆಲ್ಲ ಸೇರಿ ಸುತ್ತಿಕೊಂಡ ಕುಡಿಗಳನ್ನು ಚಿವುಟಿ ಚೀಲಕ್ಕೆ ತುಂಬಿದರು. ಮಧ್ಯಾಹ್ನದ ಊಟದ ಹೊತ್ತಿಗೆ ಕೆಲಸ ಮುಗಿಯಿತು. ವಿಷದ ಒಂದು ಹನಿಯೂ ಬೀಳಲಿಲ್ಲ, ಆ ಬೆಳೆಯ ಹುಳು ಅದೇ ತೋಟದ ಸೊಪ್ಪು ತಿಂದು ಹಣ್ಣಾಗಿ ಚಂದ್ರಿಕೆ ಏರಿತು.

ಹದಿನೈದು ದಿನದ ಒಳಗೆ ಮೇಷ್ಟ್ರ ಬಾಟಲಿಯಲ್ಲಿ ಒಂದು ಪತಂಗ ಎದ್ದಿತು. ರೆಕ್ಕೆ ಹರಡಿದರೆ ಎರಡು ಸೆಂಟಿಮೀಟರಿನ ಆಸುಪಾಸು. ಬಿಳಿ ಮಿಶ್ರಿತ ಮೈ, ಅಡ್ಡಡ್ಡ ಕಂದು ಪಟ್ಟೆ, ಮೇಲೆ ಹಿಟ್ಟು ಉದುರಿಸಿದ ಹಾಗೆ ಕಂದು ಧೂಳು. ಬೊಂಬೆ ಕೆಲಸದವರು ನೋಡಿದವರೇ, "ಸೌತೆ ಪತಂಗದ್ದು ಒರೆಸಿದ ಬಿಳುಪು, ಇದರದು ಧೂಳು ಕೂತ ಬಿಳುಪು" ಎಂದರು. ಆ ಮಾತು ಹೇಳುವಾಗ ಅವರಿಗೆ ಗೊತ್ತಿರಲಿಲ್ಲ, ಅದರ ಲ್ಯಾಟಿನ್ ಹೆಸರಿನ ಅರ್ಥವೂ ಅದೇ. ಪಲ್ವೆರುಲೆಂಟಾಲಿಸ್ ಎಂದರೆ ಧೂಳು ಮೆತ್ತಿದ್ದು. ಇನ್ನೊಂದು ಬಾಟಲಿಯಲ್ಲಿ ಪತಂಗದ ಬದಲು ಸಣ್ಣ ಕಣಜ ಬಂದಿತ್ತು. ಅದರ ವಿಚಾರ ಮುಂದೆ ಹೇಳುತ್ತೇನೆ.

ಹೆಸರಿನ ಹಿಂದಿನ ಕಥೆ

ಆ ಹೆಸರನ್ನು ಇಟ್ಟವನೂ ಒಂದು ಬಗೆಯ ಹವ್ಯಾಸಿಯೇ. ಜಾರ್ಜ್ ಹ್ಯಾಂಪ್‌ಸನ್ ಎಂಬ ಇಂಗ್ಲಿಷಿನವನು ನೀಲಗಿರಿಯಲ್ಲಿ ಚಹಾ ತೋಟ ಮಾಡಿಕೊಂಡಿದ್ದ. ಅಲ್ಲಿ ದೀಪಕ್ಕೆ ಬರುವ ಪತಂಗಗಳನ್ನು ಕೂಡಿಡುತ್ತ ಅದೇ ಅವನ ಜೀವನದ ಕಸುಬಾಯಿತು. ಲಂಡನ್ನಿಗೆ ಹಿಂತಿರುಗಿ ಅಲ್ಲಿನ ವಸ್ತು ಸಂಗ್ರಹಾಲಯದಲ್ಲಿ ಕುಳಿತು, 1892ರಿಂದ 1896ರವರೆಗೆ ಭಾರತದ ಪತಂಗಗಳ ಬಗ್ಗೆ ನಾಲ್ಕು ಸಂಪುಟ ಬರೆದ. ಇಂದಿಗೂ ನಮ್ಮ ದೇಶದ ಪತಂಗ ಗುರುತಿಸುವವರು ಆ ಸಂಪುಟಗಳನ್ನು ತಿರುವಿ ಹಾಕದೆ ಮುಂದೆ ಹೋಗುವುದಿಲ್ಲ.

ಪುಸ್ತಕದಲ್ಲಿ ಹೆಸರಿದ್ದರೂ ನಮ್ಮ ತೋಟಗಳಲ್ಲಿ ಇದು ದೊಡ್ಡ ಪೀಡೆಯಾಗಿ ಕಾಣಿಸಿದ್ದು ಬಹಳ ತಡವಾಗಿ. ದಕ್ಷಿಣ ಭಾರತದ ಹಿಪ್ಪುನೇರಳೆಯಲ್ಲಿ ಇದರ ಬಾಧೆ 1995ರಲ್ಲಿ ವರದಿಯಾಯಿತು. ಆಗ ವಿಜ್ಞಾನಿಗಳು ಬರೆದದ್ದು ಕುಲದ ಹೆಸರು ಮಾತ್ರ, ಡಯಾಫೇನಿಯಾದ ಯಾವುದೋ ಒಂದು ಜಾತಿ ಎಂದು. ಜಾತಿ ಯಾವುದೆಂದು ನಿಷ್ಕರ್ಷೆಯಾಗಿ ಡಯಾಫೇನಿಯಾ ಪಲ್ವೆರುಲೆಂಟಾಲಿಸ್ ಎಂಬ ಹೆಸರು ರೇಷ್ಮೆ ಇಲಾಖೆಯ ಕರಪತ್ರಗಳಲ್ಲಿ ಬಂದದ್ದು ಆ ಮೇಲೆ. ಇಂದಿನ ಪತಂಗ ತಜ್ಞರು ಇದನ್ನು ಗ್ಲೈಫೋಡಿಸ್ ಎಂಬ ಕುಲಕ್ಕೆ ಸೇರಿಸುತ್ತಾರೆ. ಕರಪತ್ರದಲ್ಲಿ ಒಂದು ಹೆಸರು, ಹೊಸ ಪುಸ್ತಕದಲ್ಲಿ ಇನ್ನೊಂದು ಹೆಸರು ಕಂಡರೆ ಎರಡು ಹುಳು ಎಂದು ಗಾಬರಿಯಾಗಬೇಡಿ. ಮದುವೆಯಾದ ಹೆಣ್ಣುಮಗಳ ಮನೆತನದ ಹೆಸರು ಬದಲಾದ ಹಾಗೆ ಅದು.

ಅದೇ ಗ್ಲೈಫೋಡಿಸ್ ಬಳಗದ ಇನ್ನೊಂದು ಪತಂಗ ಹಲಸಿನ ಕುಡಿ ಮತ್ತು ಕಾಯಿಯನ್ನು ಕೊರೆಯುತ್ತದೆ. ಹಲಸು, ಅತ್ತಿ, ಹಿಪ್ಪುನೇರಳೆ ಮೂರೂ ಒಂದೇ ಸಸ್ಯ ಕುಟುಂಬದವು. ಅವುಗಳ ಪತಂಗಗಳೂ ದಾಯಾದಿಗಳು. ಮಾಗಡಿ, ಕನಕಪುರದ ಕಡೆ ತೋಟದ ಬದುವಿನಲ್ಲಿ ಹಲಸು ಇರುವವರು ದೀಪಕ್ಕೆ ಬಂದ ಪತಂಗವನ್ನು ಮಾತ್ರ ನೋಡಿ ನಿರ್ಧಾರ ಮಾಡಬಾರದು. ಪಕ್ಕಾ ಗುರುತು ಬೇಕೆಂದರೆ ತಜ್ಞರು ಗಂಡು ಪತಂಗದ ಹೊಟ್ಟೆಯ ತುದಿಯ ಭಾಗಗಳನ್ನು ಬಿಡಿಸಿ ಸೂಕ್ಷ್ಮದರ್ಶಕದಡಿ ನೋಡುತ್ತಾರೆ. ನಮಗೆ ಅಷ್ಟು ಬೇಕಿಲ್ಲ. ಹಿಪ್ಪುನೇರಳೆ ಕುಡಿಯೊಳಗೆ ನೂಲು ಕಟ್ಟಿಕೊಂಡು ಕೂತ ಹುಳುವನ್ನು ಸಾಕಿ, ಧೂಳು ಮೆತ್ತಿದ ಸಣ್ಣ ಪತಂಗ ಬಂದರೆ ತೋಟದ ಕೆಲಸಕ್ಕೆ ಸಾಕು.

ಒಂದು ಹೆಸರು ಸರಿಯಾಗಿ ತಿಳಿಯುವುದರಿಂದ ಏನು ಲಾಭ ಎಂದು ಕೇಳುವವರಿಗೆ ಪಪ್ಪಾಯಿ ಹಿಟ್ಟು ತಿಗಣೆಯ ಉದಾಹರಣೆ ಕೊಡುತ್ತೇನೆ. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡ ಈ ತಿಗಣೆ ಪಪ್ಪಾಯಿಯಿಂದ ಹಿಪ್ಪುನೇರಳೆಗೂ ಹಬ್ಬಿ ತಮಿಳುನಾಡಿನ ರೇಷ್ಮೆ ಬೆಳೆಗಾರರನ್ನು ಗೋಳಾಡಿಸಿತು. ಹಿಟ್ಟು ತಿಗಣೆಗಳೆಲ್ಲ ಕಣ್ಣಿಗೆ ಒಂದೇ. ಇದು ಅಮೆರಿಕ ಖಂಡದಿಂದ ಬಂದ ಜಾತಿ ಎಂದು ಗುರುತಾದ ಮೇಲೆ, ಅದರ ಸಹಜ ಶತ್ರು ಯಾವುದೆಂದೂ ತಿಳಿಯಿತು. 2010ರಲ್ಲಿ ಬೆಂಗಳೂರಿನ ಕೀಟ ಸಂಶೋಧನಾ ಬ್ಯೂರೋದವರು ಪೋರ್ಟೊ ರಿಕೊ ದ್ವೀಪದಿಂದ ಮೂರು ಬಗೆಯ ಸಣ್ಣ ಕಣಜಗಳನ್ನು ತರಿಸಿ ಬಿಡುಗಡೆ ಮಾಡಿದರು. ಅದರಲ್ಲಿ ಅಸೆರೋಫೇಗಸ್ ಎಂಬ ಕಣಜ ತಿಗಣೆಯನ್ನು ಹತೋಟಿಗೆ ತಂದಿತು. ತಿಗಣೆಯ ಜಾತಿ ಗೊತ್ತಿರದಿದ್ದರೆ ಯಾವ ಕಣಜ ತರುವುದು, ಎಲ್ಲಿಂದ ತರುವುದು? 1980ರಲ್ಲಿ ಉಜಿ ನೊಣ ನಮ್ಮ ರಾಜ್ಯಕ್ಕೆ ಕಾಲಿಟ್ಟಾಗ ಹುಳುವಿನ ಮೈಮೇಲಿನ ಕರಿ ಚುಕ್ಕೆ ಯಾವುದರದೆಂದು ತಿಳಿಯದೆ ಎಷ್ಟು ಮನೆಗಳು ಕಂಗಾಲಾದವು ಎಂಬುದನ್ನು ಹಿರಿಯರು ಮರೆತಿರಲಾರರು.

ಹುಳುವಿನ ದಿನಚರಿ

ಹೆಣ್ಣು ಪತಂಗ ಎಳೆ ಎಲೆಗಳ ಅಡಿಯಲ್ಲಿ ಒಂದೊಂದಾಗಿ ಮೊಟ್ಟೆ ಇಡುತ್ತದೆ. ಮರಿ ಹೊರಬಂದು ಎಳೆ ಎಲೆಗಳನ್ನು ನೂಲಿನಿಂದ ಹೊಲಿದುಕೊಂಡು ಒಳಗೆ ಕೂತು ಮೇಯುತ್ತದೆ. ದೊಡ್ಡದಾದಂತೆ ಕೆಳಗಿನ ಎಲೆಗಳಿಗೂ ಇಳಿಯುತ್ತದೆ. ಕೊನೆಗೆ ನೆಲಕ್ಕೆ ಬಿದ್ದು ಮಣ್ಣಿನಲ್ಲೋ ಒಣಗಿದ ತರಗಿನ ನಡುವೆಯೋ ಕೋಶವಾಗುತ್ತದೆ. ಮೊಟ್ಟೆಯಿಂದ ಪತಂಗದವರೆಗೆ, ಹವೆ ನೋಡಿಕೊಂಡು, ಮೂರು ನಾಲ್ಕು ವಾರ. ಕಟಾವಿನಿಂದ ಕಟಾವಿಗೆ ನಮ್ಮಲ್ಲಿ 60ರಿಂದ 70 ದಿನ. ಅಂದರೆ ಒಂದೇ ಬೆಳೆಯಲ್ಲಿ ಎರಡು ತಲೆಮಾರು ಮುಗಿಸಲು ಅದಕ್ಕೆ ಅವಕಾಶವಿದೆ. ಮೊದಲ ತಲೆಮಾರನ್ನು ತಡೆದರೆ ಎರಡನೆಯದು ಬಡವಾಗುತ್ತದೆ. ಮುಂಗಾರು ಹಿಡಿದ ಮೇಲೆ ಶುರುವಾಗಿ, ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ಇದರ ಕಾಟ ಜೋರು, ಬೇಸಿಗೆಯಲ್ಲಿ ಇಳಿಯುತ್ತದೆ.

ಕುಡಿಯೇ ಹೋದರೆ ಕಡ್ಡಿಯ ಬೆಳವಣಿಗೆ ನಿಲ್ಲುತ್ತದೆ. ಚಾಕಿ ಹುಳುವಿಗೆ ಬೇಕಾದದ್ದು ಅದೇ ಎಳೆ ಸೊಪ್ಪು. ಹಿಕ್ಕೆ ಮೆತ್ತಿದ ಸೊಪ್ಪನ್ನು ಹುಳುವಿಗೆ ಹಾಕುವುದೂ ಒಳ್ಳೆಯದಲ್ಲ. ಈ ಪತಂಗದ ಹತ್ತಿರದ ನಂಟಿನ, ಹಿಪ್ಪುನೇರಳೆಯನ್ನೇ ತಿನ್ನುವ ಇನ್ನೊಂದು ಪತಂಗದಲ್ಲಿ ರೇಷ್ಮೆ ಹುಳುವಿಗೆ ರೋಗ ತರುವ ಒಂದು ವೈರಸ್ಸು ಇರುವುದನ್ನು ಜಪಾನಿನ ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ತೋಟದ ಹುಳುವಿನಿಂದ ಮನೆಯ ಹುಳುವಿಗೆ ರೋಗ ದಾಟಬಹುದು ಎಂಬುದನ್ನು ನೆನಪಿಡಿ.

ಏನು ಮಾಡಬೇಕು

ಕಟಾವಾದ 12ರಿಂದ 15ನೇ ದಿನಕ್ಕೆ ಮೊದಲ ಸಲ ತೋಟ ಸುತ್ತಿ. ಸುರುಳಿ ಕಂಡ ಕುಡಿಯನ್ನು ಚಿವುಟಿ ಚೀಲಕ್ಕೆ ಹಾಕಿ. ಬದುವಿನ ಮೇಲೆ ಎಸೆಯಬೇಡಿ, ಅಲ್ಲೇ ಕೋಶವಾಗಿ ಪತಂಗ ಎದ್ದು ಬರುತ್ತದೆ. ಲೀಟರಿಗೆ 5 ಗ್ರಾಂ ಬಟ್ಟೆ ಸೋಪು ಕರಗಿಸಿದ ನೀರಿನಲ್ಲಿ ಮುಳುಗಿಸಬಹುದು ಅಥವಾ ಸುಡಬಹುದು. ನನಗೆ ಮೂರನೆಯ ಉಪಾಯ ಹೆಚ್ಚು ಇಷ್ಟ. ಕಿತ್ತ ಕುಡಿಗಳನ್ನು ಒಂದು ಮಡಕೆಗೆ ತುಂಬಿ, ಬಾಯಿಗೆ ಸೊಳ್ಳೆ ಪರದೆಯ ಬಟ್ಟೆ ಬಿಗಿದು ತೋಟದ ಅಂಚಿನಲ್ಲಿಡಿ. ಪತಂಗ ಎದ್ದರೂ ಪರದೆ ದಾಟಲಾರದು. ಹುಳುವಿನೊಳಗೆ ಬೆಳೆದ ಪುಟ್ಟ ಕಣಜಗಳು ಕಣ್ಣಿನ ಸಂದಿಯಿಂದ ಹಾರಿಹೋಗಿ ತೋಟದಲ್ಲಿ ಮತ್ತೆ ಕೆಲಸಕ್ಕೆ ಹತ್ತುತ್ತವೆ. ಮೇಷ್ಟ್ರ ಎರಡನೇ ಬಾಟಲಿಯಲ್ಲಿ ಬಂದ ಕಣಜ ಇಂಥದ್ದೇ. ಕೂಲಿ ಕೇಳದ ಆಳು ಅದು.

ಕಟಾವಾದ ಕೂಡಲೇ ತರಗು ಗುಡಿಸಿ, ಸಾಲಿನ ನಡುವೆ ಆಳವಾಗಿ ಉತ್ತು, ಸಾಧ್ಯವಿದ್ದರೆ ಒಂದು ಸಲ ನೀರು ಹಾಯಿಸಿ ನಿಲ್ಲಿಸಿ. ಕೋಶಗಳು ಬಿಸಿಲಿಗೂ ಹಕ್ಕಿಗಳಿಗೂ ಸಿಕ್ಕಿ, ಉಳಿದವು ನೀರಿನಲ್ಲಿ ಸಾಯುತ್ತವೆ. ಹನಿ ನೀರಾವರಿ ಮಾಡಿಕೊಂಡವರಿಗೆ ನೀರು ನಿಲ್ಲಿಸುವುದು ಆಗದ ಮಾತು, ಅವರು ಉಳುಮೆ ಮತ್ತು ತರಗು ತೆಗೆಯುವುದರಲ್ಲಿ ಜಿಪುಣತನ ಮಾಡಬಾರದು.

ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆ ಈ ಹುಳುವಿಗೆ ಪರೋಪಜೀವಿ ಕಣಜಗಳನ್ನು ಶಿಫಾರಸು ಮಾಡಿದೆ. ಮೊಟ್ಟೆಯೊಳಗೇ ಬೆಳೆಯುವ ಟ್ರೈಕೋಗ್ರಾಮ ಒಂದು, ಕೋಶವನ್ನು ಹುಡುಕಿ ಮೊಟ್ಟೆ ಇಡುವ ಟೆಟ್ರಾಸ್ಟಿಕಸ್ ಇನ್ನೊಂದು. ಟ್ರೈಕೋಗ್ರಾಮವನ್ನು ಕಾರ್ಡಿಗೆ ಅಂಟಿಸಿ ಕೊಡುತ್ತಾರೆ. ಕಾರ್ಡನ್ನು ಹರಿದು ಎಲೆಯ ಅಡಿಗೆ ಪಿನ್ನು ಮಾಡುವುದು, ಸಂಜೆಯ ಹೊತ್ತಿನಲ್ಲಿ. ಸುರುಳಿಯೊಳಗೆ ದೊಡ್ಡ ಹುಳು ಕೂತ ಮೇಲೆ ಇದನ್ನು ಬಿಟ್ಟರೆ ಉಪಯೋಗವಿಲ್ಲ, ದೀಪಕ್ಕೆ ಧೂಳು ಪತಂಗ ಬರಲು ಶುರುವಾದಾಗಲೇ ಬಿಡಬೇಕು. ಪತಂಗದ ಗುರುತು ಹಿಡಿಯುವುದು ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ. ಎಕರೆಗೆ ಎಷ್ಟು ಎಂಬ ಲೆಕ್ಕವನ್ನು ರೇಷ್ಮೆ ಇಲಾಖೆಯ ತಾಂತ್ರಿಕ ಸೇವಾ ಕೇಂದ್ರದಲ್ಲಿ ಕೇಳಿ ಬರೆಸಿಕೊಳ್ಳಿ.

ಈಗ ಔಷಧಿಯ ಮಾತು. ಹಳೆಯ ಕರಪತ್ರಗಳಲ್ಲಿ ಈ ಹುಳುವಿಗೆ ಡೈಕ್ಲೋರ್‌ವಾಸ್, ಅಂದರೆ ತಾವೆಲ್ಲ ನುವಾನ್ ಎಂದು ಕರೆಯುತ್ತಿದ್ದ ಔಷಧಿಯನ್ನು ಸಿಂಪಡಿಸಲು ಹೇಳಿದೆ. ಎಷ್ಟೋ ವಾಚನಾಲಯಗಳ ಗೋಡೆಯ ಮೇಲೆ ಆ ಕರಪತ್ರ ಇನ್ನೂ ಅಂಟಿಕೊಂಡಿದೆ. ಕೇಂದ್ರ ಸರ್ಕಾರ 2018ರ ಆಗಸ್ಟಿನಲ್ಲಿ 18 ಕೀಟನಾಶಕಗಳನ್ನು ನಿಷೇಧಿಸುವ ಆದೇಶ ಹೊರಡಿಸಿತು. ಅವುಗಳಲ್ಲಿ ಡೈಕ್ಲೋರ್‌ವಾಸ್ ಸೇರಿದಂತೆ 6ಕ್ಕೆ 2020ರ ಡಿಸೆಂಬರ್ 31ರವರೆಗೆ ಗಡುವು ಕೊಟ್ಟಿತ್ತು. ಆ ಗಡುವು ಮುಗಿದಿದೆ. ಯಾರಾದರೂ ಹಳೆಯ ಸೀಸೆಯನ್ನು ಮೂಲೆಯಿಂದ ತೆಗೆದುಕೊಟ್ಟರೆ ಕೊಳ್ಳಬೇಡಿ, ನಿಮ್ಮ ಅಟ್ಟದ ಮೇಲಿದ್ದರೆ ಇಳಿಸಿ ಬಳಸಬೇಡಿ. ಗೋಡೆಯ ಕರಪತ್ರವನ್ನು ವಾಚನಾಲಯದ ಮೇಲ್ವಿಚಾರಕರಿಗೆ ಹೇಳಿ ತೆಗೆಸಿ.

"ಜೈವಿಕ" ಎಂಬ ಹೆಸರಿಗೂ ಮರುಳಾಗಬಾರದು. ಬಿ.ಟಿ. ಎಂಬ ಪುಡಿ ತರಕಾರಿಯ ಹುಳುವಿಗೆ ಒಳ್ಳೆಯದು, ಮನುಷ್ಯರಿಗೆ ತೊಂದರೆಯಿಲ್ಲ, ನಿಜ. ಆದರೆ ಆ ಬ್ಯಾಕ್ಟೀರಿಯಾವನ್ನು ಪ್ರಪಂಚ ಮೊದಲು ಕಂಡದ್ದೇ ಸತ್ತ ರೇಷ್ಮೆ ಹುಳುವಿನಲ್ಲಿ! 1901ರಲ್ಲಿ ಜಪಾನಿನ ಇಷಿವಾಟ ಎಂಬ ವಿಜ್ಞಾನಿ, ರೇಷ್ಮೆ ಹುಳು ಇದ್ದಕ್ಕಿದ್ದ ಹಾಗೆ ಸಾಯುವ ರೋಗಕ್ಕೆ ಕಾರಣ ಹುಡುಕುತ್ತ ಅದನ್ನು ಬೇರ್ಪಡಿಸಿದ. ಜರ್ಮನಿಯ ಥುರಿಂಜಿಯ ಎಂಬ ಸೀಮೆಯ ಹೆಸರು ಅದಕ್ಕೆ ಅಂಟಿದ್ದು ಹತ್ತು ಹದಿನೈದು ವರ್ಷದ ಮೇಲೆ. ಆ ಪುಡಿಯನ್ನು ಹಿಪ್ಪುನೇರಳೆ ತೋಟದ ಹತ್ತಿರಕ್ಕೂ ತರಕೂಡದು. ನೆರೆಯವರು ಟೊಮೆಟೊ, ಜೋಳ, ಮಾವಿಗೆ ಹೊಡೆಯುವ ಔಷಧಿ ಗಾಳಿಯಲ್ಲಿ ತೇಲಿ ಬಂದರೂ ಅಪಾಯ. ಅದರಲ್ಲೂ ಕ್ಲೋರಾಂಟ್ರಾನಿಲಿಪ್ರೋಲ್ ಎಂಬ ಹೊಸ ಬಗೆಯ ಔಷಧಿ ಬಹಳ ಸಣ್ಣ ಪ್ರಮಾಣದಲ್ಲೂ ರೇಷ್ಮೆ ಹುಳುವನ್ನು ಕೊಲ್ಲುತ್ತದೆ, ಸೊಪ್ಪಿನ ಮೇಲೆ ಬಹಳ ದಿನ ಉಳಿಯುತ್ತದೆ. 2018ರಲ್ಲಿ ಸೈನಿಕ ಹುಳು ರಾಜ್ಯಕ್ಕೆ ಬಂದ ಮೇಲೆ ಮುಸುಕಿನ ಜೋಳಕ್ಕೆ ಇಂಥ ಸಿಂಪರಣೆ ಹೆಚ್ಚಾಗಿದೆ. ನೆರೆಯವರ ಜೊತೆ ಜಗಳಕ್ಕೆ ಮುಂಚೆ ಮಾತನಾಡಿ, ಹೊಡೆಯುವ ದಿನ ಮುಂಚಿತವಾಗಿ ತಿಳಿಸಲು ಹೇಳಿ. ಹೊಡೆದ ದಿನದಿಂದ ಆ ಅಂಚಿನ ನಾಲ್ಕಾರು ಸಾಲಿನ ಸೊಪ್ಪನ್ನು ಹುಳುವಿಗೆ ಹಾಕಬೇಡಿ.

ಬಾಟಲಿಯಲ್ಲಿ ಸಾಕುವ ಬಗೆ

ಅಗಲ ಬಾಯಿಯ ಹಾರ್ಲಿಕ್ಸ್ ಬಾಟಲಿಯನ್ನು ತೊಳೆದು ಒಣಗಿಸಿ. ತಳದಲ್ಲಿ ಎರಡು ಬೆರಳು ದಪ್ಪ ಜರಡಿ ಹಿಡಿದ, ಸ್ವಲ್ಪವೇ ಒದ್ದೆಯಾದ ಮಣ್ಣು ಹಾಕಿ. ಹುಳುವಿರುವ ಕುಡಿಯನ್ನು ಹಾಗೇ ಇಟ್ಟು, ದಿನಕ್ಕೊಂದು ಸಲ ಹೊಸ ಎಳೆ ಎಲೆ ಕೊಡಿ. ಬಾಯಿಗೆ ತೆಳು ಬಟ್ಟೆ ಕಟ್ಟಿ, ರಬ್ಬರು ಹಾಕಿ. ಒಂದು ಚೀಟಿಯಲ್ಲಿ ದಿನಾಂಕ, ಗಿಡ, ತೋಟದ ಯಾವ ಮೂಲೆ, ಕಟಾವಾಗಿ ಎಷ್ಟು ದಿನ ಎಂದು ಬರೆದು ಬಾಟಲಿಗೆ ಅಂಟಿಸಿ. ಚೀಟಿ ಇಲ್ಲದ ಪತಂಗ ವಿಳಾಸ ಇಲ್ಲದ ಕಾಗದದ ಹಾಗೆ, ತಲುಪಿಸುವವರಿಗೂ ಕಷ್ಟ. ಬಾಟಲಿಯನ್ನು ನೆರಳಿನಲ್ಲಿಡಿ, ಆದರೆ ಹುಳು ಮನೆಯಲ್ಲಿ ಮಾತ್ರ ಖಂಡಿತ ಇಡಬೇಡಿ. ಬಾಟಲಿ ಮುಟ್ಟಿದ ಕೈಯನ್ನು ಸೋಪಿನಲ್ಲಿ ತೊಳೆಯದೆ ತಟ್ಟೆ ಮುಟ್ಟಬೇಡಿ.

ಪತಂಗ ಎದ್ದ ದಿನ ರೆಕ್ಕೆ ಒಣಗಲು ಒಂದು ಹೊತ್ತು ಬಿಡಿ. ಆಮೇಲೆ ಬಾಟಲಿಯನ್ನೇ ಅರ್ಧ ಗಂಟೆ ಶೀತಕದಲ್ಲಿಟ್ಟರೆ ಪತಂಗ ಮಂಕಾಗಿ ಕೂರುತ್ತದೆ. ಬಿಳಿ ಕಾಗದದ ಮೇಲೆ ಇಟ್ಟು, ಪಕ್ಕದಲ್ಲಿ ಒಂದು ರೂಪಾಯಿಯ ನಾಣ್ಯ ಇಟ್ಟು, ಬೆಳಗಿನ ಬೆಳಕಿನಲ್ಲಿ ನೇರ ಮೇಲಿನಿಂದ ಪಟ ತೆಗೆಯಿರಿ. ಮರಿಹುಳುವಿನದು, ಸುರುಳಿಯದು, ಇಡೀ ಗಿಡದ್ದು ಒಂದೊಂದು ಪಟವೂ ಜೊತೆಗಿರಲಿ. ಪಟದಿಂದ ತೀರ್ಮಾನವಾಗದಿದ್ದರೆ ಪತಂಗವನ್ನೇ ಬೆಂಕಿಪೊಟ್ಟಣದಲ್ಲಿ ಹತ್ತಿಯ ನಡುವೆ ಇಟ್ಟು, ಚೀಟಿಯ ಸಹಿತ ಮಾಗಡಿ ತಾಲ್ಲೂಕಿನ ಚಂದೂರಾಯನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ ಬೆಂಗಳೂರಿನ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಕೀಟಶಾಸ್ತ್ರ ವಿಭಾಗಕ್ಕೋ ಮುಟ್ಟಿಸಬಹುದು. ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ಕೊಟ್ಟರೂ ಆಗುತ್ತದೆ.

ಸೌತೆ, ಹೀರೆ ಬೆಳೆಯುವವರು ಕೂಡ ಒಂದು ಬಾಟಲಿ ಇಡಿ. ಎರಡು ಪತಂಗಗಳನ್ನೂ ಗಾಜಿನ ಮುಚ್ಚಳದ ಡಬ್ಬಿಯಲ್ಲಿ ಪಕ್ಕಪಕ್ಕ ಇಟ್ಟು ವಾಚನಾಲಯದ ಮೇಜಿನ ಮೇಲಿಟ್ಟರೆ ಊರಿನ ಉಳಿದವರಿಗೆ ಇಷ್ಟು ಉದ್ದದ ಲೇಖನವೇ ಬೇಕಾಗುವುದಿಲ್ಲ. ಮುಂದಿನ ಕಟಾವಿನ ದಿನಾಂಕವನ್ನು ಹುಳು ಮನೆಯ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡಿ. ಅದರ ಕೆಳಗೆ ಹನ್ನೆರಡನೆಯ ದಿನ ಯಾವ ವಾರ ಬೀಳುತ್ತದೆ ಎಂಬುದನ್ನೂ ಬರೆಯಿರಿ. ಆ ಬೆಳಿಗ್ಗೆ ತೋಟಕ್ಕೆ ಹೋಗುವಾಗ ಚೀಲದ ಜೊತೆ ಬಾಟಲಿಯೂ ಕೈಯಲ್ಲಿರಲಿ.